ಕುಂಬಾರ ಜ್ಞಾನಮ್ಮನ ಬೋಗುಣಿ

ಕಾಲು ಚಾಚಿಕೊಂಡೇ ಕೂತ್ಕೊಳ್ಳಿ ಮಕ್ಕಳೇ, ಇವತ್ತಿನ ಕಥೆ ಕಾಲಿನದೇ. ಕೆಮ್ಮಣ್ಣಿನ ಒಂದು ಸೀಮೆಯಲ್ಲಿ ಪಿಲಿಪ್ಪರಾಯ ಅಂತ ಒಬ್ಬ ರಾಜ ಇದ್ದ. ಅವನೂ ಪ್ರಜೆಗಳೂ ಏಸುಸ್ವಾಮಿಯನ್ನು ನಂಬಿದವರು.

ರಾಜನ ಮುತ್ತಾತ ಒಂದು ಪದ್ಧತಿ ಮಾಡಿ, ಚರ್ಚಿನ ಬಾಗಿಲ ಕಲ್ಲಿನಲ್ಲಿ ಕೆತ್ತಿಸಿದ್ದ. ಏಸುಸ್ವಾಮಿ ತನ್ನ ಹನ್ನೆರಡು ಶಿಷ್ಯರ ಕಾಲು ತೊಳೆದ ನೆನಪಿಗೆ, ಈಸ್ಟರಿಗೆ ಮುಂಚಿನ ಪವಿತ್ರ ಗುರುವಾರ ಪ್ರತಿ ವರ್ಷ ರಾಜನಾದವನು ಕಿರೀಟ ಕೆಳಗಿಟ್ಟು ಹನ್ನೆರಡು ಜನರ ಕಾಲು ತೊಳೆಯಬೇಕು. ಮಣೆ ಮೇಲೆ ಕೂತವರು ಮೊದಲು ತಮ್ಮ ಒಂದು ತಪ್ಪನ್ನು ಎಲ್ಲರಿಗೂ ಕೇಳುವ ಹಾಗೆ ಹೇಳಬೇಕು. ಹೇಳಿ ತೊಳೆಸಿಕೊಂಡರೆ, ಅವರ ಮೇಲೆ ಎಂಥ ಶಿಕ್ಷೆ ಇದ್ದರೂ ಮನ್ನಾ. ಮಧ್ಯಾಹ್ನದ ಗಂಟೆಯೊಳಗೆ ಒಬ್ಬರ ಕಾಲನ್ನೂ ತೊಳೆಯದ ರಾಜನಿಗೆ ಈಸ್ಟರ್ ದಿನ ಕಿರೀಟ ಇಲ್ಲ. ನೀರಿಗೆ ಹೊಸ ಮಣ್ಣಿನ ಬೋಗುಣಿಯೇ ಆಗಬೇಕು, ಮಾಡಿದ ಕೈಯೇ ಅದನ್ನು ತರಬೇಕು. ಆ ಕೈ ಕುಂಬಾರ ಜ್ಞಾನಮ್ಮನದು.

ಪಿಲಿಪ್ಪರಾಯನಿಗೆ ಬರಬರುತ್ತಾ ಅಧಿಕಾರದ ಮದಕ್ಕೆ ತಲೆ ತಿರುಗಿತು. "ನಾನು ಬರೋ ತನಕ ಪೂಜೆಯ ಗಂಟೆ ಹೊಡೀಬೇಡಿ" ಅಂದ. ಜನ ಹೂಂ ಅಂದರು. "ಪೀಠದ ಮುಂದೆ ನನ್ನ ಕುರ್ಚಿ ಹಾಕಿ" ಅಂದ. ಜನ ಹೂಂ ಅಂದರು. "ಶಿಲುಬೆಗಿಂತ ಮೊದಲು ನನ್ನ ಕುರ್ಚಿಗೆ ಮೊಣಕಾಲೂರಿ. ನನ್ನನ್ನು ಕೂರಿಸಿದವನೇ ದೇವರು, ನನ್ನ ಮಾತು ಅವನ ಮಾತು" ಅಂದ. ಆಗಲೂ ಜನ ಹೂಂ ಅಂದರು. ಹೇಳೋಕೆ ನನಗೇ ನಾಚಿಕೆ ಆಗುತ್ತೆ.

ಜ್ಞಾನಮ್ಮ ಮಾತ್ರ ನಿಂತೇ ಇದ್ದಳು.

"ನಿನಗೆ ಮೊಣಕಾಲು ಬಗ್ಗೋದಿಲ್ವೇನೆ?" ಅಂದ ರಾಜ.

"ಬಗ್ಗುತ್ತೆ ಸ್ವಾಮಿ. ದೇವರು ಮಾಡಿದ ಮೊಣಕಾಲು, ದೇವರಿಗೇ ಬಗ್ಗುತ್ತೆ."

"ಶನಿವಾರ ಇವಳನ್ನು ನೇಣಿಗೆ ಹಾಕಿ. ಇದೇ ನನ್ನ ತೀರ್ಪು."

"ತೀರ್ಪು ಕೊಡೋ ಕುರ್ಚಿ ಇನ್ನೊಂದಿದೆ. ಅದರ ಮುಂದೆ ನೀವೂ ನಿಲ್ಲಬೇಕು" ಅಂದಳು ಜ್ಞಾನಮ್ಮ. ಅವಳನ್ನು ಎಳೆದುಕೊಂಡು ಹೋದರು.

ಪವಿತ್ರ ಗುರುವಾರ ಬಂತು. ಅಷ್ಟರೊಳಗೆ ಸೆರೆಮನೆ ಅಂಗಳದಲ್ಲೇ ಅವಳ ಕೈಲಿ ಬೋಗುಣಿ ಮಾಡಿಸಿ, ಒಣಗಿಸಿ, ಸುಡಿಸಿ ಆಗಿತ್ತು. ಅದನ್ನು ಹೊರಿಸಿ ಅವಳನ್ನು ಚರ್ಚಿಗೆ ಕರೆತಂದರು. ಕಾಲಿಗೆ ಮೆತ್ತಿದ ಕೆಮ್ಮಣ್ಣು ಹಾಗೇ ಇತ್ತು. ಮಣೆಗಳ ಮೇಲೆ ಆಗಲೇ ರಾಜನ ಹನ್ನೆರಡು ಜನ ಆಪ್ತರು ಕೂತಿದ್ದರು. ರಾಜನ ಕೈಗೆ ಕೊಳೆ ಅಂಟಬಾರದಲ್ಲ, ಅದಕ್ಕೆ ಮನೆಯಲ್ಲೇ ಪನ್ನೀರಿನಲ್ಲಿ ಕಾಲು ತೊಳೆದು ಬಂದಿದ್ದರು. ತೊಳೆದ ಕಾಲನ್ನೇ ತೊಳೆಯೋ ರಾಜ, ನೋಡಿದಿರಾ ಜಾಣತನ.

"ತಪ್ಪು ಹೇಳೋ ಹಳೇ ಗೋಳೆಲ್ಲ ಬೇಡ. ಬೋಗುಣಿ ಇತ್ತ ತಾ" ಅಂದ ರಾಜ.

ಜ್ಞಾನಮ್ಮ ಬೋಗುಣಿಯನ್ನು ತಲೆ ಮೇಲಕ್ಕೆ ಎತ್ತಿ ಹಿಡಿದಳು. "ಕಲ್ಲಿನಲ್ಲಿ ಕೆತ್ತಿದ ಹಾಗೆ ನಡೆದರೆ ಕೊಡ್ತೀನಿ. ಇಲ್ಲದಿದ್ದರೆ ಇಲ್ಲೇ ಒಡೀತೀನಿ. ಶನಿವಾರ ಸಾಯೋಳಿಗೆ ಇವತ್ತು ಯಾತರ ಭಯ?"

ಇನ್ನೊಂದು ಬೋಗುಣಿ ಮಾಡಿಸೋಕೆ ದಿನಗಳೇ ಬೇಕು. ರಾಜ ಹಲ್ಲು ಕಡಿದು, "ಹೇಳ್ರಯ್ಯಾ ಬೇಗ" ಅಂದ.

ಮೊದಲ ಮಣೆಯಲ್ಲಿದ್ದ ಮಂತ್ರಿ, "ನಾನು ಯಾವ ತಪ್ಪೂ ಮಾಡಿಲ್ಲ" ಅಂದ. ಚರ್ಚಿನ ಮುದಿ ಗುರುಗಳು, "ಹಾಗಾದರೆ ಏಳಪ್ಪ, ಇದು ತಪ್ಪು ಮಾಡಿದವರ ಮಣೆ" ಅಂದರು. ಎರಡನೆಯವನು, "ಪ್ರಭುಗಳನ್ನು ವಿಪರೀತ ಪ್ರೀತಿಸಿದ್ದೇ ನನ್ನ ತಪ್ಪು" ಅಂದ. ಜನ ಕಿಸಕ್ಕನೆ ನಕ್ಕರು, ಅವನೂ ಎದ್ದ. ಮೂರನೆಯವನು ಕಣಜದ ಅಧಿಕಾರಿ. ಪಾಪ, ನಿಜ ಹೇಳೋಕೆ ಬಾಯಿ ತೆರೆದ. ಆದರೆ ಕಣಜದ ಭತ್ತ ಅವನೊಬ್ಬನೇ ಕದ್ದದ್ದಲ್ಲವಲ್ಲ. ಉಳಿದ ಒಂಬತ್ತೂ ಜನ ದುರುಗುಟ್ಟಿ ನೋಡಿದರು. "ಸೊಂಟ ಹಿಡ್ಕೊಂಡಿದೆ" ಅಂತ ಅವನು ಜಾರಿಕೊಂಡ. ಅವನ ಹಿಂದೆಯೇ ಒಂಬತ್ತು ಸೊಂಟಗಳೂ ಹಿಡ್ಕೊಂಡವು.

ಹನ್ನೆರಡು ಮಣೆಯೂ ಖಾಲಿ. ಸೂರ್ಯ ನೆತ್ತಿಗೆ ಬಂದಿದ್ದ. ಗಂಟೆ ಹೊಡೆಯೋನು ಹಗ್ಗ ಹಿಡಿದಾಗಿತ್ತು. ರಾಜ ಬೆವೆತು ಹೋದ.

ಜ್ಞಾನಮ್ಮ ಬೋಗುಣಿ ಕೆಳಗಿಟ್ಟು ಮೊದಲ ಮಣೆ ಮೇಲೆ ಕೂತಳು. ಕುರ್ಚಿಗೆ ಬಗ್ಗದ್ದನ್ನೇ ತಪ್ಪು ಅಂತ ಒಪ್ಪಿಕೊಳ್ತಾಳೆ ಅಂದುಕೊಂಡು ರಾಜನಿಗೆ ಒಳಗೊಳಗೇ ಖುಷಿ.

"ನನ್ನ ತಪ್ಪು ಕೇಳಿ" ಅಂದಳು ಅವಳು. "ಈ ರಾಜ ದೇವರ ಗಂಟೆ ಕಿತ್ಕೊಂಡಾಗ ನಾನೂ ಹೂಂ ಅಂದೆ. ದೇವರ ಮುಂದಿನ ಜಾಗ ಕಿತ್ಕೊಂಡಾಗಲೂ ಹೂಂ ಅಂದೆ. ಹೆದರಿ ಅಂದೆ. ದೇವರು ನನ್ನನ್ನು ಕ್ಷಮಿಸಲಿ."

ರಾಜನಿಗೆ ಬೇರೆ ದಾರಿ ಎಲ್ಲಿತ್ತು? ಕಿರೀಟ ಕೆಳಗಿಟ್ಟು, ಬಗ್ಗಿ, ಆ ಮಣ್ಣುಕಾಲನ್ನು ಉಜ್ಜಿ ತೊಳೆದ. ನೇಣು ಮನ್ನಾ ಆಯಿತು. ಅಷ್ಟರಲ್ಲಿ ಗುಂಪಿನಿಂದ ಒಬ್ಬ ಬಂದು ಎರಡನೇ ಮಣೆ ಮೇಲೆ ಕೂತ. "ನಾನೂ ಹೂಂ ಅಂದೆ" ಅಂದ. ಇನ್ನೊಬ್ಬಳು ಬಂದಳು, ಮತ್ತೊಬ್ಬ ಬಂದ. ಎಲ್ಲರದೂ ಅದೇ ತಪ್ಪು. ಹನ್ನೆರಡು ಜೊತೆ ಕಾಲು ತೊಳೆಯೋ ಹೊತ್ತಿಗೆ ರಾಜನ ಸೊಂಟ ನಿಜವಾಗಿಯೇ ಹಿಡ್ಕೊಂಡಿತ್ತು.

"ಈಗ ನೀವು ಕೂತ್ಕೊಳ್ಳಿ ಸ್ವಾಮಿ, ನಾನು ತೊಳೀತೀನಿ" ಅಂದಳು ಜ್ಞಾನಮ್ಮ.

"ನಾನು ರಾಜ ಕಣೆ."

"ಅದಕ್ಕೇ ಕರೀತಿರೋದು."

ರಾಜ ಸುತ್ತ ನೋಡಿದ. ಹೂಂ ಅನ್ನೋರು ಒಬ್ಬರೂ ಉಳಿದಿರಲಿಲ್ಲ. ಮೆಲ್ಲಗೆ ಕೂತ. "ದೇವರ ಜಾಗದಲ್ಲಿ ಕೂತೆ" ಅಂತ ಗೊಣಗಿದ.

"ಕೇಳಿಸಲಿಲ್ಲ" ಅಂದಳು ಜ್ಞಾನಮ್ಮ.

ರಾಜ ಗಟ್ಟಿಯಾಗಿ ಹೇಳಿದ. ಆಮೇಲೆ ಅತ್ತ. ಅವಳು ಅವನ ಕಾಲು ತೊಳೆದು ಸೆರಗಿನಲ್ಲಿ ಒರೆಸಿದಳು. ಕುರ್ಚಿಯನ್ನು ಅವನೇ ಹೊತ್ತು ಹೊರಗೆ ಹಾಕಿದ.

ನೀತಿ ಏನು ಅಂದರೆ: ವಿಧೇಯತೆ ಮೊದಲು ದೇವರಿಗೆ, ಆಮೇಲೆ ಮನುಷ್ಯರಿಗೆ. ತಪ್ಪೇ ಮಾಡಿಲ್ಲ ಅನ್ನೋನಿಗೆ ದೇವರ ತೀರ್ಪು ಕಾದಿರುತ್ತೆ, ತಪ್ಪಾಯಿತು ಅನ್ನೋನಿಗೆ ಅವನ ಕೃಪೆ. ಈಗ ಏಳಿ, ಕಾಲು ತೊಳೆದು ಊಟಕ್ಕೆ ಬನ್ನಿ. ಅದಕ್ಕೂ ಮೊದಲು, ಉಪ್ಪಿನಕಾಯಿ ಭರಣಿಗೆ ಕೈ ಹಾಕಿದ್ದು ಯಾರು ಅಂತ ಹೇಳಿ.