ಗುಡ್ಡದ ಟವರು, ಗಾಳೆಪ್ಪನ ಗೋಡೆ

ದುರಗವ್ವನಿಗೆ ಒಬ್ಬನೇ ಮಗ, ಗಾಳೆಪ್ಪ. ಆಳೆತ್ತರ ಬೆಳೆದಿದ್ದ, ಬುದ್ಧಿ ಮಾತ್ರ ಮೊಣಕಾಲಿಗೇ ನಿಂತಿತ್ತು. ಹೇಳಿದ್ದನ್ನು ಹೇಳಿದಷ್ಟೇ ಮಾಡುವನು, ಒಂದು ಗುಲಗಂಜಿ ಹೆಚ್ಚಿಲ್ಲ, ಕಡಿಮೆಯಿಲ್ಲ.

ಮಗಳು ಶಾಂತವ್ವನ ಚೊಚ್ಚಲ ಹೆರಿಗೆ ತವರಲ್ಲೇ ಆಗಬೇಕಿತ್ತು. ದುರಗವ್ವ ಕಾಲು ಮುರಿದುಕೊಂಡು ಹಾಸಿಗೆ ಹಿಡಿದಳು, ಮಗಳು ಗಂಡನ ಮನೆಯಲ್ಲೇ ಹೆತ್ತಳು. ಮೊಮ್ಮಗಳ ಮುಖವನ್ನು ಫೋನಿನಲ್ಲಾದರೂ ನೋಡಬೇಕೆಂದು ಮುದುಕಿಯ ಜೀವ ಹಂಬಲಿಸಿತು. ಎದುರಿನ ಗುಡ್ಡಕ್ಕೆ ಹೊಸ ಟವರು ಬಂದಿತ್ತು. ಅಂಗಳದಲ್ಲಿ ಸಿಗ್ನಲ್ಲೋ ಸಿಗ್ನಲ್ಲು, ಮೊಳದಪ್ಪದ ಕಲ್ಲುಗೋಡೆಯ ಒಳಗೆ ಸೊನ್ನೆ.

ಫೋನು ಬಂದರೆ ನನ್ನ ಹತ್ತಿರ ತಾ ಅಂದಳು ತಾಯಿ. ಬಂತು, ತಂದ. ಹೊಸ್ತಿಲು ದಾಟುತ್ತಲೇ ಶಾಂತವ್ವನ ಮಾತು ಕಡಿದುಹೋಯಿತು. ದುರಗವ್ವ ಬೈದಳು. ಇನ್ನು ಫೋನು ಹೊರಗೇ ಇರಲಿ, ಅಲ್ಲಿ ಕಂಡದ್ದನ್ನು ಕಂಡ ಹಾಗೆ ನನಗೆ ತಂದು ಒಪ್ಪಿಸು ಅಂದಳು.

ಮರುದಿನ ಗಾಳೆಪ್ಪ ಅಂಗಳದಲ್ಲಿ ಫೋನಿನೊಳಗೆ ಕೂಸನ್ನು ನೋಡಿದ. ಫೋನನ್ನು ಕಟ್ಟೆಯ ಮೇಲಿಟ್ಟು ಒಳಗೆ ಬಂದ, ತಾಯಿಯ ಮುಂದೆ ಅಂಗಾತ ಬಿದ್ದ, ಕೈಕಾಲು ಬಡಿದು ಉವ್ವೇ ಉವ್ವೇ ಎಂದು ಅತ್ತ. ಮೀಸೆ ಬಂದ ಮೊಮ್ಮಗಳನ್ನು ಕಂಡು ದುರಗವ್ವ ಹಣೆ ಬಡಿದುಕೊಂಡಳು.

"ನೋಡಾಕ ನನ್ನ ಕಣ್ಣ ಬೇಕೋ ಹುಚ್ಚಪ್ಪ. ಹೋಗು, ಟವರಿನವರನ್ನ ಕೇಳಿ ಅವರು ಹೇಳಿದಂಗ ಮಾಡು."

ಗಾಳೆಪ್ಪ ಗುಡ್ಡ ಹತ್ತಿದ. ಟವರಿನ ಕೆಲಸದವನು ಬಿಡಿಸಿ ಹೇಳಿದ. ಟವರಿನ ಈ ಹೊಸ ಅಲೆ ಮಾತು, ಚಿತ್ರ ಎಲ್ಲವನ್ನೂ ಹೊರೆಗಟ್ಟಲೆ ಹೊರುತ್ತದೆ, ಆದರೆ ಕಲ್ಲಿನೊಳಗೆ ತೂರಿ ಬರುವ ತ್ರಾಣ ಅದಕ್ಕಿಲ್ಲ. ಗೋಡೆಯ ತನಕ ಬಂದು ನಿಲ್ಲುತ್ತದೆ. ಟವರಿನ ಕಡೆಗೆ ಒಂದು ದಾರಿ ಬಿಡಿ, ಒಳಗೆ ಬರುತ್ತದೆ.

ಗುಡ್ಡದ ಕಡೆಗೇ ಒಂದು ಕಿಟಕಿಯಿತ್ತು, ಅದರ ಕದ ತೆರೆದಿದ್ದರೆ ಸಾಕಿತ್ತು. ಗಾಳೆಪ್ಪ ಹಾರೆ ಹಿಡಿದು ಕಿಟಕಿಯ ಪಕ್ಕದಲ್ಲಿ ಎಮ್ಮೆ ತೂರುವಷ್ಟು ಗೋಡೆ ಕೆಡವಿದ. ತಾಯಿ ಬೈಯಲು ಬಾಯಿ ತೆಗೆದಳು, ಅಷ್ಟರಲ್ಲಿ ಅವನು ಅವಳ ದಿಂಬಿನ ಹತ್ತಿರ ತಂದಿಟ್ಟ ಫೋನು ಹಾಡಿತು. ಅದರೊಳಗೆ ಕೂಸು ಕಣ್ಣರಳಿಸಿ ನಕ್ಕಿತು.

ಕೆಡವಿದ ಗೋಡೆಯಾಚೆ ಗುಡ್ಡ ಕಾಣುತ್ತಿತ್ತು, ನಡುವೆ ಬರಿ ಬಿಸಿಲು. ದುರಗವ್ವ ಅದಕ್ಕೇ ಕೈಮುಗಿದಳು.

"ಕಣ್ಣಿಗೆ ಕಾಣಂಗಿಲ್ಲ, ಕೈಗೆ ಸಿಗಂಗಿಲ್ಲ, ನನ್ನ ಕೂಸಿನ ನಗಿ ಹೊತಗೊಂಡು ಬಂದೈತಿ. ಮನಿಗೆ ಬಂದವರಿಗೆ ಮಾಡೋ ಮರ್ಯಾದಿ ಇದಕ್ಕೂ ಮಾಡಬೇಕು ನೋಡಪ್ಪ."

ಗಾಳೆಪ್ಪ ಅಡುಗೆಮನೆಗೆ ಓಡಿದ. ಬಂದವರಿಗೆ ಮೊದಲು ಕಾಲಿಗೆ ನೀರು. ಗುಡ್ಡದಿಂದ ಬಂದದ್ದು ಈಗ ಫೋನಿನಲ್ಲಿ ಕೂತಿದೆ. ತುಂಬಿದ ಚೆಂಬನ್ನು ಅದರ ಮೇಲೆ ಭಕ್ತಿಯಿಂದ ಸುರಿದ.

ಫೋನು ಕಪ್ಪಾಯಿತು. ದುರಗವ್ವ ಆ ದಿನ ಬೈಯುವುದನ್ನೇ ಮರೆತಳು, ಕೂಸಿನ ನಗು ಇನ್ನೂ ಅವಳ ಕಣ್ಣಲ್ಲೇ ಇತ್ತು. ಗಾಳೆಪ್ಪ ಅಂಗೈಯಲ್ಲಿ ಬೆಲ್ಲದ ಚೂರು ಹಿಡಿದು ಫೋನನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ.

"ಯವ್ವಾ, ಇದರ ಬಾಯಿ ಎಲ್ಲೈತಿ?"