ಮೂರನೆಯ ಗರಿ

ಕರಡಿಗುಡ್ಡದ ಕೋಟೆಯ ಹಿಂದೆ, ಊರು ಮುಗಿದು ಹೊಳೆ ಸಿಗುವ ಮೊದಲು, ಒಂದು ಹುಣಸೆಮರದ ಕೆಳಗೆ ಕೆಂಡದ ಓಬತಾತನವರ ಗುಡಿಸಲಿತ್ತು. ಮಠವಿಲ್ಲ, ಪೀಠವಿಲ್ಲ, ಮೈಮೇಲೆ ಕಾವಿಯೂ ಇಲ್ಲ. ಇದ್ದದ್ದು ಒಂದು ಕೆಂಡದ ಕುಳಿ, ಒಂದು ಹೊರೆ ಬೆತ್ತ, ಒಂದು ನೀರಿನ ಗಡಿಗೆ. ತಾತನವರು ಊರಾಚೆಯ ಕೇರಿಯಲ್ಲಿ ಹುಟ್ಟಿದವರು. ಚಳಿಗಾಲದಲ್ಲಿ ಬೆತ್ತ ಕೊಯ್ದು, ವರ್ಷಪೂರ್ತಿ ನೆರಳಲ್ಲಿ ಒಣಗಿಸಿ, ಒಂದೊಂದು ಗೆಣ್ಣನ್ನೂ ಕೆಂಡಕ್ಕೆ ಹಿಡಿದು, ಬಿಸಿ ಆರುವ ಮೊದಲೇ ಬೆರಳಿನಿಂದ ಒತ್ತಿ ನೆಟ್ಟಗೆ ಮಾಡುತ್ತಿದ್ದರು. ದುಃಖ ಹೇಳಿಕೊಳ್ಳಲು ಬಂದವರನ್ನೂ ಅದೇ ಕೆಂಡದ ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದರು. ಹೆಚ್ಚು ಮಾತಾಡುತ್ತಿರಲಿಲ್ಲ. ಬಂದವರು ಮಾತ್ರ ಹಗುರಾಗಿ ಎದ್ದು ಹೋಗುತ್ತಿದ್ದರು.

ಕೋಟೆಯ ಬೇಟೆಗಾರರು ತಾತನವರ ಅಂಬನ್ನು ಕಣ್ಣಿಗೊತ್ತಿಕೊಂಡು ಒಯ್ಯುತ್ತಿದ್ದರು. ಅವರ ಗಡಿಗೆಯ ನೀರನ್ನು ಮಾತ್ರ ಮುಟ್ಟುತ್ತಿರಲಿಲ್ಲ. ಅದೇ ಕೈ ಮುಟ್ಟಿದ ಅಂಬಿಗಿಲ್ಲದ ಮೈಲಿಗೆ ನೀರಿಗೆ ಹೇಗೆ ಬಂತು ಎಂದು ಆ ಊರಲ್ಲಿ ಒಬ್ಬನೂ ಕೇಳಲಿಲ್ಲ. ನಾಚಿಕೆಗೆಟ್ಟ ಊರು.

ಆ ಊರಲ್ಲಿ ಪಾಲಯ್ಯನೆಂಬ ಅಂಬು ಮಾಡುವವನಿದ್ದ. ವಿಜಯದಶಮಿಯ ದಿನ ಪಾಳೆಯಗಾರರು ಹಳ್ಳದ ಆಚೆ ದಡದ ಬನ್ನಿಮರಕ್ಕೆ ತೂಗಿಬಿಟ್ಟ ಸೋರೆಬುರುಡೆಗೆ ದೇವಿಯ ಹೆಸರಲ್ಲಿ ಒಂದೇ ಒಂದು ಅಂಬು ಬಿಡುವುದು ಪದ್ಧತಿ. ಆ ಅಂಬು ಕೊಡುವ ಹಕ್ಕು ಮೂರು ತಲೆಮಾರಿನಿಂದ ಪಾಲಯ್ಯನ ಮನೆಯದು. ಆದರೆ ಹಿಂದಿನ ವರ್ಷ ಅವನ ಅಂಬು ಎಡಕ್ಕೆ ಹೊರಳಿ ಹಳ್ಳಕ್ಕೆ ಬಿತ್ತು. ಈ ಸಲ ಪಾಳೆಯಗಾರರು, "ಅಂಬು ಓಬತಾತನವರ ಗುಡಿಸಲಿನಿಂದ ಬರಲಿ. ಬುರುಡೆ ಒಡೆದರೆ ಇನ್ನು ಮುಂದೆ ಹಕ್ಕೂ ಅಲ್ಲಿಗೇ," ಎಂದುಬಿಟ್ಟರು.

ಅಂದಿನಿಂದ ಪಾಲಯ್ಯನಿಗೆ ಉಂಡ ಅನ್ನ ಮೈಗೆ ಹತ್ತಲಿಲ್ಲ. ತಾತನವರ ಅಂಬು ಹಿಡಿದು ಯಾರಾದರೂ ಬೀದಿಯಲ್ಲಿ ಹೋದರೆ, "ತಾ ಇಲ್ಲಿ, ನೋಡ್ತೀನಿ," ಎಂದು ಇಸಿದುಕೊಳ್ಳುತ್ತಿದ್ದ. ಒಂದು ಕಣ್ಣು ಮುಚ್ಚಿ ಬೆತ್ತದ ಉದ್ದಕ್ಕೂ ದೃಷ್ಟಿ ಹಾಯಿಸುತ್ತಿದ್ದ. ಎಲ್ಲಾದರೂ ಕೂದಲೆಳೆಯಷ್ಟು ಬಾಗು ಸಿಕ್ಕಿದ್ದರೆ ಅವನಿಗೆ ಸಮಾಧಾನವಾಗುತ್ತಿತ್ತು. ಸಿಗುತ್ತಿರಲಿಲ್ಲ. ತಪ್ಪು ಸಿಗದಿದ್ದದ್ದೇ ಅವನನ್ನು ಸುಟ್ಟಿತು.

"ಏನ್ ಪಾಲಯ್ಯ, ಈ ವರ್ಷ ನಿನ್ನ ಅಂಬು ಯಾರ ಹೊಲಕ್ಕೆ ಬೀಳ್ಬೇಕಿತ್ತು?" ಎಂದು ಕಟ್ಟೆಯ ಮೇಲೆ ಕೂತವರು ನಗುತ್ತಿದ್ದರು.

ಮನೆಯಲ್ಲಿ ಹೆಂಡತಿ ಬೋರಕ್ಕ ಬೇರೆ. "ಎಲ್ಲಿ ತಪ್ಪಿತು ಅಂತ ಆ ತಾತನವರನ್ನೇ ಕೇಳ್ಬಾರ್ದಾ? ಕೇಳಿದ್ರೆ ನಿನ್ನ ಮೀಸೆ ಉದುರ್ತದಾ?"

"ಕೇರಿಯವನ ಹತ್ರ ನಾನು ಕಲಿಯೋದಾ?"

"ಅವರ ಅಂಬನ್ನ ಇಸಿದು ಇಸಿದು ನೋಡೋಕೆ ಕೇರಿ ಅಡ್ಡ ಬರಲಿಲ್ಲ ನಿಂಗೆ."

ದಶಮಿಯ ಹಿಂದಿನ ದಿನ ಮಧ್ಯಾಹ್ನ ಪಾಲಯ್ಯ ಗುಡಿಸಲಿಗೆ ಹೋದ. ಕಲಿಯಲು ಹೋದದ್ದಲ್ಲ. ಅವನ ಸೊಂಟದ ಚೀಲದಲ್ಲಿ ಹದ್ದಿನ ಬಲರೆಕ್ಕೆಯ ಒಂದು ಗರಿ ಇತ್ತು.

ಅಂಬಿಗೆ ಮೂರು ಗರಿ. ಮೂರೂ ಒಂದೇ ಕಡೆಯ ರೆಕ್ಕೆಯವಾಗಿರಬೇಕು. ಎಡಗಡೆಯ ಎರಡಕ್ಕೆ ಬಲಗಡೆಯದೊಂದು ಸೇರಿದರೆ ಎರಡು ಗಾಳಿ ಒಂದೇ ಸೊಂಟವನ್ನು ಹಿಡಿದು ತಿರುಗಿಸಿದ ಹಾಗೆ, ಅಂಬು ನಡುದಾರಿಯಲ್ಲಿ ತತ್ತರಿಸುತ್ತದೆ. ನೋಡುವ ಕಣ್ಣಿಗೆ ಮೂರೂ ಗರಿ ಒಂದೇ. ಈ ದ್ರೋಹ ಅಂಬು ಮಾಡುವವನೊಬ್ಬನಿಗೇ ಸಾಧ್ಯ.

"ಬಾರಪ್ಪ ಪಾಲಯ್ಯ. ಬಿಸಿಲಲ್ಲಿ ಬಂದಿದೀಯ, ನೀರು ಕುಡಿ," ಎಂದರು ತಾತನವರು.

"ಬಾಯಾರಿಲ್ಲ," ಎಂದ ಪಾಲಯ್ಯ. ಅವನ ಗಂಟಲು ಒಣಗಿತ್ತು.

ತಾತನವರು ಮುಗುಳ್ನಕ್ಕು, ಕಾಲು ಬಾತು ಮಲಗಿದ್ದ ಕೇರಿಯ ಮುದುಕಿಯೊಬ್ಬಳಿಗೆ ಶಾಖ ಕೊಟ್ಟು ಬರುತ್ತೇನೆಂದು ಎದ್ದು ಹೋದರು.

ದಶಮಿಯ ಅಂಬು ಗೋಡೆಗೆ ಒರಗಿತ್ತು. ಮೊನೆಯಿಂದ ಅರ್ಧದವರೆಗೆ ಅರಿಶಿನದ ಬಟ್ಟೆ ಸುತ್ತಿತ್ತು. ಒಮ್ಮೆ ಸುತ್ತಿದ ಬಟ್ಟೆಯನ್ನು ಬಿಲ್ಲಿಗೆ ಏರಿಸುವ ಹೊತ್ತಿನವರೆಗೆ ಬಿಚ್ಚಬಾರದು, ಬಿಚ್ಚಿದವನ ಮನೆ ಉಳಿಯದು ಎಂದು ಅಂಬಿನವರ ನಂಬಿಕೆ. ಪಾಲಯ್ಯ ಬಟ್ಟೆ ಮುಟ್ಟಲಿಲ್ಲ. ಮಾಡಬಾರದ್ದನ್ನು ಮಾಡಲು ಬಂದವನು ಬಟ್ಟೆಗೆ ಹೆದರಿದ. ಹೊಟ್ಟೆಕಿಚ್ಚಿಗೂ ಒಂದು ಮಡಿ ಇರುತ್ತದೆ. ಗರಿಯ ಕಡೆಯ ದಾರವನ್ನಷ್ಟೇ ಸಡಿಲಿಸಿದ. ಮೂರನೆಯ ಗರಿ ಕಿತ್ತು ಬೆತ್ತದ ಹೊರೆಯ ಹಿಂದೆ ಬಿಸಾಡಿ, ತನ್ನದನ್ನು ಅರಗಿನಿಂದ ಅಂಟಿಸಿ, ದಾರ ಬಿಗಿದ. ನಲವತ್ತು ವರ್ಷದ ಕೈ. ಗಂಟು ಒಂದೇ ಸಲಕ್ಕೆ ಕೂತಿತು.

ತಾತನವರು ಹಿಂತಿರುಗಿ ಅಂಬನ್ನು ಎತ್ತಿಕೊಂಡರು. ಬಟ್ಟೆ ಸುತ್ತಿದ ಮೊನೆಯನ್ನು ಅಂಗೈ ಮೇಲೆ ನಿಲ್ಲಿಸಿ, ಎರಡು ಬೆರಳಲ್ಲಿ ತಿರುಗಿಸಿ, ಗರಿಗೆ ಮೆಲ್ಲಗೆ ಊದಿದರು. ತಾತನವರು ಅಂಬನ್ನು ನೋಡಲಿಲ್ಲ, ಅವನ ಮುಖ ನೋಡಿದರು. ಆಮೇಲೆ ಎರಡೂ ಕೈಯಲ್ಲಿ ಅಂಬನ್ನು ಅವನ ಮುಂದೆ ಹಿಡಿದರು.

"ದಶಮಿಯ ಬಯಲಿನೊಳಕ್ಕೆ ನನಗೆ ದಾರಿಯಿಲ್ಲ. ದೊರೆಗೆ ನೀನೇ ಕೊಟ್ಟುಬಿಡಪ್ಪ."

ಮರುದಿನ ಹಳ್ಳದ ದಡದಲ್ಲಿ ಜನವೋ ಜನ. ಬಯಲಿನ ಒಂದು ಅಂಚಿಗೆ ಜಾಲಿಮುಳ್ಳಿನ ಬೇಲಿ. ಕೇರಿಯವರು ಅದರ ಆಚೆ ನಿಲ್ಲಬೇಕು. ತಾತನವರೂ ಅಲ್ಲೇ ನಿಂತಿದ್ದರು, ಪಕ್ಕದಲ್ಲಿ ನೀರಿನ ಗಡಿಗೆ.

ಪಾಳೆಯಗಾರರು ಅಂಬು ತೆಗೆದುಕೊಂಡು ಬಟ್ಟೆ ಬಿಚ್ಚಿದರು. ಬಿಚ್ಚಿದವರು ಹಾಗೇ ನಿಂತರು.

"ಇದೇನಯ್ಯಾ ಪಾಲಯ್ಯ? ಇದು ನಿನ್ನ ಮನೆಯ ಗುರುತಲ್ಲವಾ?"

ಬೆತ್ತದ ಮೇಲೆ ಎರಡು ಕೆಂಪು ಅರಗಿನ ಬಳೆ, ನಡುವೆ ಒಂದು ಕಪ್ಪು ಗೆರೆ. ಹಿಂದಿನ ವರ್ಷ ಹಳ್ಳಕ್ಕೆ ಬಿದ್ದ ಅವನದೇ ಅಂಬು. ತಾತನವರು ಅದನ್ನು ಹುಡುಕಿ ತಂದಿದ್ದರು. ಕೊಳೆತ ಗರಿ ತೆಗೆದು ಹೊಸದು ಕಟ್ಟಿದ್ದರು. ಹೆದೆಗೆ ಕೂರುವ ಕಚ್ಚನ್ನು ಕತ್ತರಿಸಿ, ಕಾಲು ಸುತ್ತು ತಿರುಗಿಸಿ, ಬೇರೆ ಕೊರೆದಿದ್ದರು. ಬೆತ್ತದ ಗಟ್ಟಿ ಮಗ್ಗುಲು ಬಿಲ್ಲಿನ ಕಡೆಗಿರಬೇಕು. ಹಿಂದಿನ ವರ್ಷ ಅಷ್ಟೇ ತಪ್ಪಿತ್ತು. ಗುರುತನ್ನು ಮಾತ್ರ ಕೆರೆಯದೆ ಬಿಟ್ಟಿದ್ದರು.

"ಹಕ್ಕು ನಿನಗೇ ಉಳಿಸಿದಾರಲ್ಲಯ್ಯಾ ಪುಣ್ಯಾತ್ಮರು," ಎಂದು ಪಾಳೆಯಗಾರರು ಹೆದೆಗೆ ಅಂಬು ಕೂರಿಸಿದರು.

ಪಾಲಯ್ಯ ಒಂದು ಹೆಜ್ಜೆ ಮುಂದೆ ಬಂದ. ಸುಮ್ಮನಿದ್ದರೆ ಅಂಬು ತಪ್ಪುತ್ತದೆ, ತಾತನವರು ಕೆಡಿಸಿದರೆಂದು ಊರೆಲ್ಲ ನಂಬುತ್ತದೆ. ನಂಬಲು ಊರು ಕಾದೇ ನಿಂತಿತ್ತು.

"ಬಿಡಬೇಡಿ ದೊರೆ. ಮೂರನೆಯ ಗರಿ ಕಳ್ಳಗರಿ. ಕಟ್ಟಿದವನು ನಾನು."

ಪಾಳೆಯಗಾರರ ಮುಖ ಕಪ್ಪಿಟ್ಟಿತು. "ದೇವಿಯ ಅಂಬಿಗೆ ಕೈ ಹಾಕಿದೆಯಾ? ಆ ಕೈ ಕಡಿಸ್ತೀನಿ."

ಬೇಲಿಯ ಆಚೆಯಿಂದ ತಾತನವರ ದನಿ ಬಂತು. "ಆ ಕೈ ಬೇಕು ದೊರೆ. ಗರಿ ಕಟ್ಟಬೇಕಲ್ಲ."

ಪಾಳೆಯಗಾರರು ಹೆದೆಯಿಂದ ಅಂಬು ಇಳಿಸಿ ಪಾಲಯ್ಯನ ಕೈಗೆ ಕೊಟ್ಟರು.

ಅವನು ಬೇಲಿಯವರೆಗೆ ನಡೆದ. ತಾತನವರು ಸೊಂಟದ ಮಡಿಕೆಯಿಂದ ಒಂದು ಗರಿ ತೆಗೆದು ಮುಳ್ಳಿನ ನಡುವೆ ಕೈ ತೂರಿಸಿ ಕೊಟ್ಟರು. ಅವನೇ ಕಿತ್ತು ಗುಡಿಸಲಿನಲ್ಲಿ ಬಿಸಾಡಿ ಬಂದಿದ್ದ ಎಡರೆಕ್ಕೆಯ ಗರಿ. ಮುಳ್ಳು ಗೀರಿ ಅವರ ಮುಂಗೈಯಲ್ಲಿ ರಕ್ತ ಬಂದಿತ್ತು.

"ನಿಮಗೆ ನಿನ್ನೆಯೇ ಗೊತ್ತಿತ್ತು."

"ಅಂಗೈಗೆ ತಿಳೀತಪ್ಪ."

"ಮತ್ತೆ ಯಾಕೆ ಸರಿಮಾಡಲಿಲ್ಲ ತಾತ?"

"ನಾನು ಮಾಡಿದ್ದರೆ ಅಂಬು ಮಾತ್ರ ನೆಟ್ಟಗಾಗ್ತಿತ್ತು."

ಪಾಲಯ್ಯ ನೆಲದ ಮೇಲೆ ಕೂತು ಗರಿ ಕಟ್ಟಿದ. ಈಗ ಗಂಟನ್ನು ಎರಡು ಸಲ ಬಿಚ್ಚಿ ಮತ್ತೆ ಹಾಕಬೇಕಾಯಿತು. ಕಟ್ಟಿ ಮುಗಿಸಿ, ಅಂಬನ್ನು ದೊರೆಗೆ ಒಪ್ಪಿಸಿ ಬಂದು, ಬೇಲಿಯ ಮುಂದೆ ಬೊಗಸೆಯೊಡ್ಡಿ ನಿಂತ.

"ಬಾಯಾರಿದೆ ತಾತ. ನಿನ್ನೆಯಿಂದ."

ತಾತನವರು ಗಡಿಗೆ ಬಗ್ಗಿಸಿದರು. ಊರೆಲ್ಲ ನೋಡುತ್ತಿದ್ದಂತೆ ಪಾಲಯ್ಯ ಮುಳ್ಳಿನ ಸಂದಿಯಿಂದ ಬಂದ ಆ ನೀರನ್ನು ಹೊಟ್ಟೆ ತುಂಬ ಕುಡಿದ.

ಆ ದಿನ ಅಂಬು ಸೋರೆಬುರುಡೆಯನ್ನು ಎರಡು ಹೋಳು ಮಾಡಿತು. ಕೋಟೆಯವರು ಇಂದಿಗೂ ಹೇಳಿಕೊಳ್ಳುವುದು ಅದೊಂದನ್ನೇ. ಪಾಲಯ್ಯ ಮಾತ್ರ ಅದನ್ನು ಕಣ್ಣಾರೆ ಕಾಣಲಿಲ್ಲ. ಜನ ಹೋ ಎಂದು ಕೂಗಿದಾಗ ಅವನು ಬಯಲಿಗೆ ಬೆನ್ನು ಮಾಡಿ, ಬರಿಗೈಯಲ್ಲಿ ಬೇಲಿಯ ಮುಳ್ಳು ಕೀಳುತ್ತಿದ್ದ.