ವಲ್ಲಿಯ ಕೆಳಗೆ ಕೊಟ್ಟ ಮಾತು

ಶಿಷ್ಯ ಒಳಗೆ ಬಂದು, ಬಾಗಿಲು ಹಾಕಿಕೊಂಡು, ದನಿ ತಗ್ಗಿಸಿ ಕೇಳಿದ: "ಗುರುಗಳೇ, ವಿಚಾರಣೆಯಿಲ್ಲದೆ ಸೆರೆಯಲ್ಲಿರುವವರ ಪರವಾಗಿ ಊರೆಲ್ಲ ನಮ್ಮ ಜೊತೆಗಿತ್ತು. ಸರ್ಕಾರ ಒಂದು ಪ್ರಕಟಣೆ ಹೊರಡಿಸಿತು, ಅಷ್ಟೆ. ಯಾರನ್ನೂ ತಡೆಯಲಿಲ್ಲ. ಆದರೂ ಜನ ಚದುರಿಹೋದರು. ಬರೀ ಮಾತಿಗೆ ಇಷ್ಟು ಬಲವೇ?"

ಗುರುಗಳು ಹೇಳಿದರು:

ಒಂದೂರಿನ ದನದ ಸಂತೆಯಲ್ಲಿ ದಳ್ಳಾಳಿಗಳು ಬೆಲೆಯನ್ನು ಬಾಯಲ್ಲಿ ಹೇಳುತ್ತಿರಲಿಲ್ಲ. ಹೆಗಲ ಮೇಲಿನ ವಲ್ಲಿಯನ್ನು ಕೈಗೆ ಹೊದಿಸಿ, ಅದರಡಿ ಬೆರಳು ಹಿಡಿದು ತಿಳಿಸುತ್ತಿದ್ದರು. ಹಾಗೆ ಬೆರಳು ಹಿಡಿದು ಕೊಟ್ಟ ಮಾತಿಗೆ ತಪ್ಪಿದವನಿಗೆ ಮರುಸಂತೆಯಲ್ಲಿ ವ್ಯಾಪಾರವಿಲ್ಲ.

ಒಮ್ಮೆ ಅರಮನೆಯವರು ಒಬ್ಬ ದಳ್ಳಾಳಿಯನ್ನು ಹಿಡಿದು ಕೋಟೆಯೊಳಗೆ ಹಾಕಿದರು. ತಪ್ಪೇನೆಂದು ಹೇಳಲಿಲ್ಲ. ಸಂತೆಯವರು ಒಟ್ಟಾಗಿ ಬಂದು ಕೇಳಿದರೆ ವಿಚಾರಣೆ ನಡೆಸಬೇಕೆಂಬುದು ಆ ಊರಿನ ಕಟ್ಟಳೆ. ಯಾರೂ ಬಾರದಿದ್ದರೆ ಸೆರೆಯಾಳು ಕಲ್ಲುಗಣಿಗೆ ಹೋಗಬೇಕು. ಹಾಗೆ ಹೋದವರು ತಿರುಗಿ ಬಂದದ್ದಿಲ್ಲ.

ಅವನ ಹೆಂಡತಿ ಗಂಡನ ವಲ್ಲಿ ತೆಗೆದುಕೊಂಡು ಸಂತೆಗೆ ಬಂದಳು. "ಅಣ್ಣಾ, ನಾಡಿದ್ದು ಬೆಳಿಗ್ಗೆ ಕೋಟೆ ಬಾಗಿಲಿಗೆ ಬರಬೇಕು" ಎಂದು ಒಬ್ಬೊಬ್ಬರ ಮುಂದೆಯೂ ಕೈ ಚಾಚಿ ವಲ್ಲಿ ಹೊದಿಸಿದಳು. ಎಲ್ಲರೂ ಬೆರಳು ಹಿಡಿದರು. ವ್ಯಾಪಾರ ಮುಗಿಯಿತೆಂದು ಅವಳು ನಂಬಿದಳು.

ಮರುದಿನ ಡಂಗುರ ಬಂತು. "ಕೋಟೆಗೆ ಬರುವವರಿಗೆ ಅಡ್ಡಿಯಿಲ್ಲ. ಆದರೆ ಈ ಓಡಾಟದ ಹಿಂದೆ ನೆರೆರಾಜ್ಯದವರ ಕೈಯಿದೆಯೆಂದು ಕೇಳಿಬಂದಿದೆ. ಸಂಸಾರಸ್ಥರು ಯೋಚಿಸಿ ಹೆಜ್ಜೆಯಿಡುವುದು."

ಒಬ್ಬ ದಳ್ಳಾಳಿಗೆ ನಗು ಬಂತು. ನೆರೆರಾಜ್ಯದವರು ಬಂದಿದ್ದರೆ ಅವರಿಗೆ ಒಂದು ಕುಂಟು ಕರುವನ್ನಾದರೂ ಮಾರಿರುತ್ತಿದ್ದೆ ಎಂದುಕೊಂಡ. ಆದರೆ ತನ್ನ ಹಾಗೆ ಬೆರಳು ಹಿಡಿದವರು ಇನ್ನು ಯಾರಿದ್ದಾರೆಂದು ಅವನಿಗೆ ಗೊತ್ತಿರಲಿಲ್ಲ. ವಲ್ಲಿ ಅದನ್ನು ಮುಚ್ಚಿತ್ತು. ಪಕ್ಕದವನನ್ನು ಕೇಳಿದ: "ಏನಯ್ಯಾ, ನಾಳೆ ಕೋಟೆ ಕಡೆ ಹೋಗುವುದುಂಟೋ?"

"ಯಾವ ಕೋಟೆ? ನನ್ನ ಎತ್ತಿಗೆ ಲಾಳ ಕಟ್ಟಿಸುವುದಿದೆ. ನೀನು?"

"ನಾನೂ ಲಾಳದವನ ಹತ್ತಿರವೇ ಬರುವವನು."

ಬೆಳಿಗ್ಗೆ ಲಾಳ ಕಟ್ಟುವವನ ಮುಂದೆ ಇಡೀ ಸಂತೆ ನೆರೆದಿತ್ತು. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಕೋಟೆ ಬಾಗಿಲಲ್ಲಿ ಅವಳೊಬ್ಬಳೇ ವಲ್ಲಿ ಹಿಡಿದು ನಿಂತಿದ್ದಳು. ಸಂಜೆ ಅವಳ ಗಂಡನನ್ನು ಕೂರಿಸಿಕೊಂಡ ಗಾಡಿ ಗಣಿಯ ದಾರಿ ಹಿಡಿಯಿತು.

ಶಿಷ್ಯ ಕೇಳಿದ: "ಅಷ್ಟೂ ಜನ ಡಂಗುರವನ್ನು ನಂಬಿಬಿಟ್ಟರೇ?"

"ಒಬ್ಬನೂ ನಂಬಲಿಲ್ಲ. ಪಕ್ಕದವನು ನಂಬಿರುತ್ತಾನೆಂದು ಎಲ್ಲರೂ ನಂಬಿದರು."

"ಆದರೂ ಕೋಟೆಗೆ ಹೋಗಬೇಡಿ ಎಂದು ಅವರಿಗೆ ಯಾರೂ ಹೇಳಿರಲಿಲ್ಲವಲ್ಲ."

ಗುರುಗಳು ಅವನ ಬೆನ್ನ ಹಿಂದೆ ನೋಡಿದರು. "ಬರುವಾಗ ಬಾಗಿಲು ಹಾಕಿಕೊಂಡು ಬಂದೆಯಲ್ಲ, ನಿನಗೆ ಯಾರು ಹೇಳಿದರು?"